ಮೋಟಾರು ಸುತ್ತುವ ಕೈಗೆ ಬಂದ ಗಿಟಾರು

ದಾವಣಗೆರೆಯಲ್ಲಿ ನನ್ನದೊಂದು ಮೋಟಾರು ವೈಂಡಿಂಗ್ ಅಂಗಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೆ ಸುಟ್ಟ ಮೋಟಾರನ್ನು ಬಿಚ್ಚುವ ಮೊದಲೇ ಮೂಸಿ ನೋಡಿ, ನೀರು ಹೋಗಿ ಸುಟ್ಟಿದ್ದೋ ಲೋಡಿಗೆ ಸುಟ್ಟಿದ್ದೋ ಹೇಳಬಲ್ಲೆ. ಕೊಕ್ಕನೂರಿನಿಂದ ಉಕ್ಕಡಗಾತ್ರಿಯವರೆಗೆ ಎಷ್ಟೋ ಪಂಪುಗಳಲ್ಲಿ ನಾನು ಸುತ್ತಿದ ತಾಮ್ರವಿದೆ. ಇದನ್ನು ಜಂಬಕ್ಕೆ ಹೇಳುತ್ತಿದ್ದಾನೆ ಎಂದು ಯಾರಾದರೂ ಅಂದುಕೊಂಡರೆ, ಹೌದು, ಜಂಬಕ್ಕೇ.

ಒಂದು ಸೋಮವಾರ ಬೆಳಿಗ್ಗೆ ವಿದ್ಯಾನಗರದ ಹೆಣ್ಣುಮಗಳೊಬ್ಬರು ಸ್ಕೂಟರಿನಲ್ಲಿ ಬಂದರು. ಕಾಲೇಜಿನಲ್ಲಿ ಗಣಿತ ಹೇಳಿಕೊಡುವವರು. ಬೆನ್ನ ಮೇಲೆ ಕರೆಂಟಿನ ಗಿಟಾರು, ಕೈಯಲ್ಲಿ ಟಿಫಿನ್ ಡಬ್ಬಿಯಷ್ಟು ಸಣ್ಣ ಸ್ಪೀಕರ್.

"ಅಣ್ಣಾರೆ, ಇದರ ಕಾಯಿಲ್ ಸುತ್ತಿ ಕೊಡ್ತೀರಾ?"

"ಮೇಡಂ, ಇದು ಪಂಪ್ ಅಂಗಡಿ ಐತ್ರಿ. ಸಂಗೀತದ್ದು ನಮಗೇನು ಗೊತ್ತು?"

"ಮೈಕ್‌ಸೆಟ್ ಅಂಗಡಿಯೋರು ನಿಮ್ಮ ಹೆಸರೇ ಹೇಳಿದ್ರು. ಕಾಯಿಲ್ ಅಂದ್ರೆ ನೀವೇ ಅಂತ."

ಅಷ್ಟು ಹೇಳಿದ ಮೇಲೆ ನಾನು ಇಲ್ಲ ಅನ್ನುವ ಆಸಾಮಿಯಲ್ಲ. "ಕೂಡ್ರಿ" ಎಂದು ಸ್ಟೂಲು ಎಳೆದೆ.

ಗಿಟಾರಿನ ತಂತಿಗಳ ಕೆಳಗೆ ಎರಡು ಕಡೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದನೆಯ ಪೆಟ್ಟಿಗೆಗಳಿದ್ದವು. ಪಿಕಪ್ ಅನ್ನುತ್ತಾರಂತೆ. ಒಳಗೆ ಆಯಸ್ಕಾಂತ, ಅದರ ಮೇಲೆ ಅಕ್ಕಪಕ್ಕ ಎರಡು ಸುರುಳಿ. ಒಂದು ಪಿಕಪ್ ಸತ್ತಿತ್ತು, ಇನ್ನೊಂದು ಚೆನ್ನಾಗಿತ್ತು. ಅವರು ಸ್ಪೀಕರಿಗೆ ವೈರು ಸಿಕ್ಕಿಸಿ ಒಂದು ತಂತಿ ಮೀಟಿದರು. ನಾದದಿಂದ ಅಂಗಡಿ ತುಂಬಿತು.

"ತಂತಿ ಇದನ್ನ ಮುಟ್ಟಂಗಿಲ್ಲ ನೋಡ್ರಿ" ಅಂದರು. "ಮೇಲೆ ಅಲ್ಲಾಡ್ತೈತೆ, ಅಷ್ಟೇ. ಆ ಅಲ್ಲಾಟಕ್ಕೆ ಕಾಯಿಲಿನಾಗ ಕರೆಂಟ್ ಹುಟ್ತೈತೆ."

ನನಗೆ ಮೈ ಜುಮ್ಮೆಂದಿತು. ಹದಿಮೂರನೇ ವಯಸ್ಸಿನಿಂದ ನಾನು ಮಾಡಿದ್ದು ಒಂದೇ ಕೆಲಸ, ಸುರುಳಿಗೆ ಕರೆಂಟು ಕೊಟ್ಟು ಕಬ್ಬಿಣ ತಿರುಗಿಸುವುದು. ಇಲ್ಲಿ ಒಬ್ಬ ಹೆಂಗಸು ಬೆರಳಿನಿಂದ ಉಕ್ಕಿನ ತಂತಿ ಮಿಡಿದರೆ ಕರೆಂಟೇ ಹುಟ್ಟಿ ಹಾಡಾಗಿ ಬರುತ್ತಿದೆ. ನನ್ನ ಕಸುಬಿನ ಹಿಂಬಾಗಿಲು ಅದು. ಇಷ್ಟು ವರ್ಷ ಆ ಕಡೆ ಹೋಗಿಯೇ ಇರಲಿಲ್ಲ.

ಅವರಿಗೆ ರಿಪೇರಿಯಷ್ಟೇ ಸಾಲದಾಗಿತ್ತು. ಹಳೇ ಮೆಲೊಡಿಗೆ ತೆಳ್ಳನೆಯ ನಾದ ಬೇಕು, ಡಾನ್ಸ್ ಹಾಡಿಗೆ ದಪ್ಪನೆಯದು ಬೇಕು. ಬೇರೆಯವರು ಎರಡು ಗಿಟಾರು ತರುತ್ತಾರೆ, ತಮ್ಮ ಹತ್ತಿರ ಇರುವುದು ಒಂದೇ ಅಂದರು.

"ಈ ಭಾನುವಾರ ಹರಿಹರದಾಗ ರಿಸೆಪ್ಷನ್ ಐತ್ರಿ. ಆರ್ಕೆಸ್ಟ್ರಾದೋರು ಮೊದಲ್ನೇ ಸಲ ಕರೆದಾರೆ. ಹೆಣ್ಮಗಳು ಗಿಟಾರ್ ಹೆಂಗ ನುಡಿಸ್ತಾಳೋ ಒಂದ್ಸಲ ನೋಡೋಣ ಅಂದಾರೆ. ಆ ಒಂದ್ಸಲ ಕೆಟ್ರೆ ಮುಗೀತು, ಮತ್ತೆ ಕರೆಯಲ್ಲ."

ಎರಡೂ ಪಿಕಪ್ ಬಿಚ್ಚಿ ನನ್ನ ಮೇಜಿನ ಮೇಲಿಟ್ಟು ಕಾಲೇಜಿಗೆ ಹೋದರು. ಸತ್ತದ್ದನ್ನು ಸುತ್ತಲು, ಚೆನ್ನಾಗಿರುವುದನ್ನು ನೋಡಿ ಕಲಿಯಲು.

ನಮ್ಮ ಕಸುಬಿನಲ್ಲಿ ಯಾವ ಕಾಯಿಲು ಬಂದರೂ ಮೊದಲು ಸೀರೀಸ್ ಲ್ಯಾಂಪ್ ಹಾಕಿ ನೋಡುತ್ತೇವೆ. ಒಂದು ಬಲ್ಬು, ಮನೆಯ ಕರೆಂಟು, ಎರಡು ವೈರು. ಕಾಯಿಲಿನ ತುದಿಗಳಿಗೆ ಮುಟ್ಟಿಸಿದಾಗ ಬಲ್ಬು ಉರಿದರೆ ಕಾಯಿಲಿಗೆ ಜೀವ ಇದೆ. ಮೀಟರು ನನ್ನ ಹತ್ತಿರವೂ ಇದೆ, ಆದರೆ ಮೀಟರು ಹಿಡಿದು ಓಡಾಡುವವರನ್ನು ಕಂಡರೆ ನನಗೆ ನಗು. ಕೈ ತಾನಾಗಿ ಲ್ಯಾಂಪಿಗೆ ಹೋಯಿತು. ಚೆನ್ನಾಗಿದ್ದ ಪಿಕಪ್ಪಿಗೆ ಮುಟ್ಟಿಸಿದೆ. ಬಲ್ಬು ಉರಿಯಲಿಲ್ಲ. ಇದೇನು ಎಂದು ಇನ್ನಷ್ಟು ಒತ್ತಿ ಹಿಡಿದೆ. ಪಿಕಪ್ಪಿನಿಂದ ಊದುಬತ್ತಿಯಂಥ ಒಂದೆಳೆ ಹೊಗೆ ಎದ್ದಿತು.

ಆ ವಾಸನೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಸಂಜೆಯವರೆಗೆ ಯೋಚಿಸಿದೆ. ಮೊದಲೇ ಹೋಗಿತ್ತು ಎಂದು ಹೇಳಿದರೆ ನಡೆಯುತ್ತಿತ್ತೋ ಏನೋ. ಆದರೆ ಬೆಳಿಗ್ಗೆ ಅದು ಹಾಡಿದ್ದನ್ನು ನನ್ನ ಕಿವಿಯೇ ಕೇಳಿತ್ತು. ಅವರು ಬಂದ ಕೂಡಲೇ ನಿಂತಲ್ಲೇ ಹೇಳಿಬಿಟ್ಟೆ.

"ಎರಡು ನೂರಾ ಮೂವತ್ತು ವೋಲ್ಟ್ ಕೊಟ್ರಾ?" ಅವರ ಮುಖದ ಬಣ್ಣವೇ ಹೋಯಿತು. "ಅಣ್ಣಾರೆ, ಅದು ಹುಟ್ಟಿದಾಗಿಂದ ಒಂದು ವೋಲ್ಟ್ ಕಂಡಿಲ್ಲ!"

"ತಪ್ಪು ನಂದೇ. ಶನಿವಾರ ಬರ್ರಿ. ಎರಡೂ ಸುತ್ತಿಟ್ಟಿರ್ತೀನಿ."

"ಆಗದಿದ್ರೆ?"

ನಾನು ಸುಟ್ಟ ಪಿಕಪ್ಪನ್ನು ಬಿಚ್ಚತೊಡಗಿದೆ. ಅವರು ಖಾಲಿ ಗಿಟಾರು ಹೊತ್ತು ಹೋದರು.

ಹಳೇ ಮೋಟಾರು ಬಂದರೆ ಸುಟ್ಟ ತಾಮ್ರವನ್ನು ತೂಗಿ, ಅಷ್ಟೇ ತೂಕದ ಹೊಸದನ್ನು ಸುತ್ತುವುದು ನಮ್ಮ ಪದ್ಧತಿ. ನನ್ನ ತಕ್ಕಡಿಗೆ ಈ ತಾಮ್ರ ಕಾಣಿಸಲೇ ಇಲ್ಲ. ಹಿಂದಿನ ಬೀದಿಯ ಅಕ್ಕಸಾಲಿಗರ ಹತ್ತಿರ ಒಯ್ದೆ.

"ಏನು ಯಜಮಾನ್ರೆ, ತಾಮ್ರಕ್ಕೂ ಬಂಗಾರದ ಮರ್ಯಾದಿ?" ಎಂದು ನಕ್ಕು ತೂಗಿಕೊಟ್ಟರು. ಒಂದು ಸುರುಳಿಗೆ ಇಪ್ಪತ್ತು ಗ್ರಾಮಿನಷ್ಟು. ತಂತಿಯ ದಪ್ಪ ತೋರಿಸುವ ಗೇಜ್ ಪಟ್ಟಿ ನೋಡಿ ಉದ್ದ ಲೆಕ್ಕ ಹಾಕಿದೆ. ಏಳು ನೂರು ಮೀಟರು ಬಂತು. ನಂಬದೆ ಇನ್ನೊಮ್ಮೆ ಹಾಕಿದೆ. ಅಷ್ಟೇ ಬಂತು. ನಾಲ್ಕು ಸುರುಳಿ ಸೇರಿದರೆ ಎರಡೂ ಮುಕ್ಕಾಲು ಕಿಲೋಮೀಟರು ತಂತಿ, ಒಂದು ಅಂಗೈ ಮೇಲೆ! ಇದನ್ನು ಮೊದಲು ಸುತ್ತಿದವನು ಯಾವ ದೇಶದವನೋ, ಮನಸ್ಸಿನಲ್ಲೇ ಕೈ ಮುಗಿದೆ.

ಬುಧವಾರ ಬೆಂಗಳೂರಿನಿಂದ ಬಸ್ ಪಾರ್ಸೆಲಿನಲ್ಲಿ ತಂತಿ ಬಂತು. ತಲೆಗೂದಲಿಗಿಂತ ಸಣ್ಣದು, ಬೆಳಕಿಗೆ ಹಿಡಿದರೆ ಮಾತ್ರ ಇದೆ ಅನ್ನಿಸುವಂಥದ್ದು. ಅಂಗಡಿಯ ಸುತ್ತುವ ಮಷೀನಿಗೆ ಹಾಕಿದರೆ ಮೂರೇ ಸುತ್ತಿಗೆ ಹರಿಯಿತು. ನನ್ನ ಹೆಂಡತಿ ಮನೆಯಲ್ಲಿ ರವಿಕೆ ಹೊಲಿಯುತ್ತಾಳೆ. ಅವಳ ಹೊಲಿಗೆ ಮಷೀನಿನ ಚಕ್ರಕ್ಕೆ ತಂತಿ ಸುತ್ತುವ ಪಿಕಪ್ಪಿನ ಅಚ್ಚು ಅಂಟಿಸಿ, ಪೆಡಲನ್ನು ಮೆಲ್ಲಗೆ ತುಳಿದು ನೋಡಿದೆ. ಆಗಲೂ ಹರಿಯಿತು. ಮತ್ತೆ ಹರಿಯಿತು. ನನ್ನ ಬೆರಳಿನ ಒಡಕುಗಳಿಗೆ ಸಿಕ್ಕಿ ಹರಿಯುತ್ತಿತ್ತು.

"ಅವು ಬೆರಳೇನ್ರೀ, ಅರ!" ಅಂದಳು ಹೆಂಡತಿ. "ಕಬ್ಬಿಣ ತಿಕ್ಕಬಹುದು ಅದರಾಗೆ. ಸರೀರಿ ಆಕಡೆ, ನಾನು ಹಿಡೀತೀನಿ."

"ನಿನಗೇನು ಗೊತ್ತು ವೈಂಡಿಂಗು?"

"ಗೊತ್ತಿರೋರು ಎಷ್ಟು ಸಲ ಹರಕೊಂಡ್ರಿ ಅಂತ ನೋಡ್ತಾ ಕುಂತೀನಲ್ಲ."

ಸರಿದೆ. ಅವಳು ತಂತಿಯನ್ನು ಹತ್ತಿ ಬಟ್ಟೆಯ ನಡುವೆ, ಹಿಡಿದೂ ಹಿಡಿಯದ ಹಾಗೆ ಹಿಡಿದಳು. ಐದು ಸಾವಿರ ಸುತ್ತಿನ ಹತ್ತಿರ ಬಂದರೂ ಒಂದೂ ಹರಿಯಲಿಲ್ಲ. ನಾನು ಪೆಡಲು ತುಳಿಯುತ್ತ, ನಡುನಡುವೆ ಎಷ್ಟು ತಂತಿ ಹೋಯಿತೆಂದು ರೀಲನ್ನು ಅಕ್ಕಸಾಲಿಗರಿಂದ ತಂದಿಟ್ಟ ತಕ್ಕಡಿಯಲ್ಲಿ ತೂಗುತ್ತ, ಅವಳು ಹೇಳಿದಂತೆ ಕೇಳಿದೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ಆ ಬೆರಳುಗಳನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ.

ತುದಿಗಳನ್ನು ಕಟ್ಟುವಾಗ ನನಗೊಂದು ಹೊಳೆಯಿತು. ಹಳೆಯದರಲ್ಲಿ ಎರಡು ಸುರುಳಿಗಳನ್ನು ಒಳಗೇ ಜೋಡಿಸಿ ಎರಡೇ ತುದಿ ಹೊರಗೆ ಬಿಟ್ಟಿದ್ದರು. ದೊಡ್ಡ ಮೋಟಾರಿನಲ್ಲಿ ನಾವು ಎಲ್ಲ ತುದಿಗಳನ್ನೂ ಹೊರಗೆ ತರುತ್ತೇವೆ. ಹೊರಡುವಾಗ ಒಂದು ಜೋಡಣೆ, ಓಡುವಾಗ ಇನ್ನೊಂದು. ಇಲ್ಲಿಯೂ ನಾಲ್ಕು ತುದಿ ಹೊರಗೆ ತಂದು ಪುಟ್ಟ ಸ್ವಿಚ್ಚಿಟ್ಟರೆ, ತೆಳ್ಳಗೆ ಬೇಕಾದಾಗ ಒಂದೇ ಸುರುಳಿ, ದಪ್ಪಗೆ ಬೇಕಾದಾಗ ಎರಡೂ. ಹಾಗೇ ಮಾಡಿದೆ.

ಶನಿವಾರ ಅವರು ಬಂದಾಗ ಅಂಗಡಿಯಲ್ಲಿ ಒಂದು ಪಂಪು ಟೆಸ್ಟಿಗೆ ಓಡುತ್ತಿತ್ತು. ಗಿಟಾರಿಗೆ ಪಿಕಪ್ಪುಗಳನ್ನು ಕೂರಿಸಿ, ಒಂದೇ ಸುರುಳಿಗೆ ಸ್ವಿಚ್ಚಿಟ್ಟು ಮೀಟಿದರು. ತೆಳ್ಳಗೆ, ಗಾಜಿನ ಬಳೆಯ ಹಾಗೆ ಬಂತು. ಜೊತೆಗೆ ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು. ಎರಡೂ ಸುರುಳಿಗೆ ಬದಲಿಸಿದರೆ ಆ ಗುಂಯ್ ಇಮ್ಮಡಿಯಾಯಿತು. ಹಾಡು ಎಲ್ಲೋ ಬಾವಿಯಿಂದ ಬಂದಂತಿತ್ತು.

"ಮುಗೀತು" ಅಂದರು. ಕಣ್ಣಲ್ಲಿ ನೀರಿತ್ತು.

"ತಡೀರಿ ಮೇಡಂ. ಮೋಟಾರು ಉಲ್ಟಾ ತಿರುಗಿದ್ರೆ ನಾವು ಎಸೆಯಲ್ಲ. ಎರಡು ವೈರು ಅದಲು ಬದಲು ಮಾಡ್ತೀವಿ."

ಎರಡೂ ಪಿಕಪ್ಪುಗಳಲ್ಲಿ ಒಂದೊಂದು ಸುರುಳಿಯ ತುದಿಗಳನ್ನು ತಿರುವಿ ಬೆಸುಗೆ ಹಾಕಿದೆ. ಸ್ವಿಚ್ಚು ಒತ್ತಿದರು. ಗುಂಯ್ ನಿಂತುಹೋಯಿತು. ಪಂಪು ನಿಂತಿತೇನೋ ಎಂದು ಹಿಂದೆ ತಿರುಗಿ ನೋಡಿದೆ. ಅದು ತನ್ನ ಪಾಡಿಗೆ ಓಡುತ್ತಲೇ ಇತ್ತು. ಅವರು ಮೀಟಿದರು. ದಪ್ಪನೆಯ, ತುಂಬಿದ ನಾದವೊಂದು ನನ್ನ ಎದೆಗೂಡಿಗೆ ಬಂದು ಬಡಿಯಿತು.

"ಮೋಟಾರಿನ ಸದ್ದು ಎರಡು ಸುರುಳಿಗೂ ಬರ್ತೈತ್ರಿ, ಒಂದಕ್ಕೆ ಕೂಡೋದು, ಇನ್ನೊಂದಕ್ಕೆ ಕಳೆಯೋದು. ಉಳಿಯೋದು ಸೊನ್ನೆ" ಎಂದು ಅವರು ನಗುತ್ತ ಅಳುತ್ತ ವಿವರಿಸಿದರು. "ಆಯಸ್ಕಾಂತದ ಮುಖ ಒಂದೊಂದು ಸುರುಳಿಗೆ ಉಲ್ಟಾ ಐತಲ್ಲ, ತಂತಿಯ ನಾದ ಮಾತ್ರ ಎರಡರಾಗೂ ಕೂಡ್ತೈತೆ."

ಗುಂಯ್‌ಗುಟ್ಟುವ ಮೋಟಾರುಗಳ ನಡುವೆಯೇ ತಲೆ ನರೆತವನು ನಾನು. ಆ ಸದ್ದನ್ನು ಹುಟ್ಟಿಸುವ ಕರೆಂಟಿಗೆ ಅದನ್ನು ಅಳಿಸುವುದೂ ಗೊತ್ತಿದೆ ಎಂದು ಅವತ್ತು ತಿಳಿಯಿತು.

ಭಾನುವಾರ ಸಂಜೆ ಹೆಂಡತಿಯನ್ನು ಕರೆದುಕೊಂಡು ಹರಿಹರಕ್ಕೆ ಹೋದೆ. ಕರೆಯದ ಮದುವೆ. ಊಟಕ್ಕೆ ಕೂರದೆ ವೇದಿಕೆಯ ಪಕ್ಕದಲ್ಲಿ ನಿಂತೆವು. ಜನರೇಟರು, ಸೀರಿಯಲ್ ಸೆಟ್ಟಿನ ದೀಪ, ಗುಂಯ್ ಎಬ್ಬಿಸುವ ಎಲ್ಲವೂ ಇದ್ದವು. ಮೆಲೊಡಿ ಹಾಡಿಗೆ ಅವರು ತೆಳ್ಳಗೆ ನುಡಿಸಿದರು, ಹಿಂದೆ ಸಣ್ಣಗೆ ಗುಂಯ್ ಇದ್ದೇ ಇತ್ತು. ಆ ಹಾಡು ಮುಗಿದ ಕೂಡಲೇ ಸ್ವಿಚ್ಚು ಬದಲಿಸಿ ಸುಮ್ಮನೆ ನಿಂತರು. ಕೀಬೋರ್ಡ್ ನುಡಿಸುತ್ತಿದ್ದ ಆರ್ಕೆಸ್ಟ್ರಾದ ಯಜಮಾನ ಅವರ ಸ್ಪೀಕರಿನ ಕಡೆ ಬಗ್ಗಿದ.

"ಏನ್ರೀ ಮೇಡಂ, ಸದ್ದೇ ಇಲ್ಲ! ಆಫ್ ಆತಾ?"

ಅವರು ಒಂದೇ ಒಂದು ತಂತಿ ಮೀಟಿದರು. ಊಟದ ಪಂಕ್ತಿಯ ಬಾಗಿಲಲ್ಲಿ ನಿಂತವರೂ ತಿರುಗಿ ನೋಡಿದರು.

ಯಜಮಾನ ಮೈಕು ಪಕ್ಕಕ್ಕೆ ಸರಿಸಿ ಕೇಳಿದ, "ಮುಂದಿನ ಭಾನುವಾರ ಮಲೇಬೆನ್ನೂರಾಗ ಐತೆ. ಬರ್ತೀರಿ ತಾನೆ?"