ಕಂಬಳಿಯಲ್ಲಿ ಬಿಸಿ ಇರುವುದಿಲ್ಲ

ನನ್ನ ಮಗ ದಿನ ತುಂಬುವ ಮೊದಲೇ ಹುಟ್ಟಿದ. ಹೊಸನಗರದಿಂದ ನಮ್ಮಿಬ್ಬರನ್ನೂ ಆಂಬುಲೆನ್ಸಿನಲ್ಲಿ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಕಳಿಸಿದರು. ದಾರಿಯಲ್ಲಿ ಜೊತೆಗಿದ್ದ ಸಿಸ್ಟರ್ ಮಗುವಿನ ಪಾದ ಮುಟ್ಟಿ ನೋಡಿ ಹುಬ್ಬು ಗಂಟಿಕ್ಕಿದರು.

“ಇನ್ನೊಂದು ಕಂಬಳಿ ಹೊದಿಸಲಾ?” ಎಂದೆ.

“ಕಂಬಳಿ ಬಿಸಿ ಕೊಡಲ್ಲಮ್ಮ, ಇರೋ ಬಿಸಿನ ಹಿಡ್ಕೊಳ್ಳುತ್ತೆ ಅಷ್ಟೆ. ಇವನ ಮೈಯಲ್ಲಿ ಬಿಸಿನೇ ಕಮ್ಮಿ. ಬೆಚ್ಚಗಿರೋರು ಮೈಗೆ ಮೈ ತಾಗಿಸಿ ಇಟ್ಕೋಬೇಕು.”

ನಾನೇ ಗಡಗಡ ನಡುಗುತ್ತಿದ್ದೆ. ಸಿಸ್ಟರ್ ಗಾಡಿ ನಿಲ್ಲಿಸಿ, ಡ್ರೈವರ್ ಪಕ್ಕ ಕೂತಿದ್ದ ನನ್ನ ಗಂಡನನ್ನು ಕರೆದರು.

“ಅಂಗಿ ಬಿಚ್ಚಿ ಹಿಂದೆ ಬನ್ನಿ. ಮಗೂನ ಎದೆ ಮೇಲೆ ಇಟ್ಕೊಳ್ಳಿ.”

“ಅಯ್ಯಪ್ಪನ ಮಾಲೆ ಹಾಕಿದೀನಿ ಸಿಸ್ಟರ್. ಹೆರಿಗೆ ಮೈಲಿಗೆ, ಮುಟ್ಟೋ ಹಾಗಿಲ್ಲ.”

“ಮಾಲೆ ತೆಗೀರಿ. ಅಯ್ಯಪ್ಪಂಗೆ ನಾನು ಹೇಳ್ತೀನಿ.”

“ಅಮ್ಮನ್ನ ಒಂದು ಮಾತು ಕೇಳ್ತೀನಿ” ಎಂದು ಇವರು ಫೋನ್ ತೆಗೆದರು. ಆ ಕಾಡಿನಲ್ಲಿ ಸಿಗ್ನಲ್ ಎಲ್ಲಿಂದ ಬರಬೇಕು? ಫೋನನ್ನು ಮೇಲೆ ಎತ್ತಿ ಹಿಡಿದು ರಸ್ತೆಯಲ್ಲಿ ಅತ್ತಿತ್ತ ನಡೆದರು.

ಸಿಸ್ಟರ್ ಕಾಯಲಿಲ್ಲ. ಬಾಗಿಲು ಹಾಕಿಕೊಂಡು, ಗುಂಡಿ ಬಿಚ್ಚಿ, ಮಗುವನ್ನು ತಮ್ಮ ಎದೆಗೇ ಒತ್ತಿಕೊಂಡು ಮೇಲೆ ಕಂಬಳಿ ಎಳೆದುಕೊಂಡರು. ಇನ್ನೂ ಮದುವೆಯಾಗದ ಹುಡುಗಿ. ಇವರು ಮತ್ತೆ ಡ್ರೈವರ್ ಪಕ್ಕವೇ ಹತ್ತಿ ಕೂತರು. ಶಿವಮೊಗ್ಗ ಮುಟ್ಟುವಷ್ಟರಲ್ಲಿ ಮಗನ ಪಾದ ಬೆಚ್ಚಗಾಗಿತ್ತು.

ಈಗ ಮನೆಗೆ ಬಂದವರೆಲ್ಲ ಮಗುವಿನದು ಅಪ್ಪನದೇ ಮೂಗು ಎನ್ನುತ್ತಾರೆ. ಇವರು ಮೀಸೆಯಡಿ ನಗುತ್ತಾರೆ. ನಾನೂ ಹೌದೆನ್ನುತ್ತೇನೆ. ಬಿಸಿ ಕೊಟ್ಟ ಹಾಗಲ್ಲ, ಮೂಗು ಕೊಟ್ಟವರ ಮೈಯಿಂದ ಏನೂ ಕಳೆಯುವುದಿಲ್ಲವಲ್ಲ.