ಅಳಿಲಿನ ಹಾಡಿನ ಹನ್ನೊಂದು ಕ್ಯಾಸೆಟ್ಟು

ಗುಬ್ಬಿಯ ಶಿಶುವಿಹಾರದಲ್ಲಿ ಆಯಾ ಆಗಿದ್ದ ಗಂಗಾಂಬಿಕೆಗೆ ಹಾಡು ಕಟ್ಟುವುದನ್ನು ಯಾರೂ ಕಲಿಸಲಿಲ್ಲ. ಕಲಿಸಿದ್ದು ಗಂಡನ ಕೈಲಿದ್ದ ಸೌದೆ.

ಗಂಡ ರುದ್ರಯ್ಯ ಕುಡುಕನಲ್ಲ. ತುಮಕೂರಿನ ಅಡಿಕೆ ಮಂಡಿಯಲ್ಲಿ ತೂಕದ ಗುಮಾಸ್ತ. ಬೆಳಿಗ್ಗೆ ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಬಳಿದು, ಲಿಂಗಪೂಜೆ ಮುಗಿಸಿ ರೈಲು ಹತ್ತುತ್ತಿದ್ದ. ಬೀದಿಯಲ್ಲಿ ಯಾರಿಗೂ ಏರುದನಿಯಲ್ಲಿ ಮಾತಾಡಿದವನಲ್ಲ. ಮನೆಯೊಳಗೆ ಬಂದು ಬಾಗಿಲು ಹಾಕಿದ ಮೇಲೆ ಬೇರೆ ಮನುಷ್ಯ. ಮುದ್ದೆಯಲ್ಲಿ ಒಂದು ಗಂಟು ಸಿಕ್ಕಿತೆಂದು ಹೆಂಡತಿಯ ಎಡಗೈಯನ್ನು ಬಾಗಿಲ ಸಂದಿಗಿಟ್ಟು ಬಾಗಿಲು ಒತ್ತಿದವನು. ಆ ಕಿರುಬೆರಳು ಆಮೇಲೆ ನೆಟ್ಟಗಾಗಲೇ ಇಲ್ಲ.

ಎಪ್ಪತ್ತೇಳನೇ ಇಸವಿಯಲ್ಲಿ ಮಗಳು ಸರ್ವಮಂಗಳಳಿಗೆ ಮೂರು ವರ್ಷ. ಒಂದು ಸಂಜೆ ಏಟಿನ ಸದ್ದಿಗೆ ಮಗು ನಡುಮನೆಯಲ್ಲಿ ಕಿಟಾರನೆ ಕಿರುಚಿಕೊಂಡಿತು. ರುದ್ರಯ್ಯ ಸೌದೆ ಹಿಡಿದೇ ಆ ಕಡೆ ತಿರುಗಿದ. ಗಂಗಾಂಬಿಕೆಗೆ ಏನು ತೋಚಿತೋ, ಅಡುಗೆಮನೆಯ ನೆಲದ ಮೇಲೆ ಬಿದ್ದಲ್ಲಿಂದಲೇ ಹಾಡತೊಡಗಿದಳು.

ಅಳಿಲು ಕಡಿದ ತೆಂಗಿನಕಾಯಿ
ತೋಟದ ತುಂಬಾ ದಡ್ ದಡ್
ಎಳನೀರೊಳಗೆ ಚಂದಪ್ಪನುಂಟು
ಎತ್ತಿಕೊ ಮಗಳೇ ದಡ್ ದಡ್

ಮಗು ಸುಮ್ಮನಾಯಿತು. ಗಂಡ ಮತ್ತೆ ಇವಳ ಕಡೆಗೇ ತಿರುಗಿದ. ಬೆನ್ನ ಮೇಲೆ ಬಿದ್ದ ಏಟನ್ನು ಇವಳು ಹಾಡಿನ ದಡ್ ಮಾಡಿಕೊಂಡಳು. ಗೋಡೆಯ ಆಚೆ ಮಗು ಚಪ್ಪಾಳೆ ತಟ್ಟಿತು.

ಆವತ್ತಿನಿಂದ ಅದೇ ರೂಢಿಯಾಯಿತು. ಅವನು ಸೌದೆ ಎತ್ತಿದರೆ ಇವಳು ಹಾಡು ಎತ್ತುವಳು. ರೈಲಿನ ಹಾಡು, ಒರಳುಕಲ್ಲಿನ ಹಾಡು, ಮಡಕೆ ಒಡೆದ ಬೆಕ್ಕಿನ ಹಾಡು, ಹೀಗೆ ಸದ್ದು ಇರುವ ಹಾಡುಗಳೇ ಎಲ್ಲ. ಮಗಳಿಗೆ ಗೊತ್ತಾಗಬಾರದು, ಮಗಳ ಮೈಮೇಲೆ ಒಂದು ಏಟೂ ಬೀಳಬಾರದು: ಇದೊಂದೇ ಅವಳ ಹಟ. ಓಣಿಯವರೂ ಎಷ್ಟು ಸಂತೋಷದ ಮನೆಯಪ್ಪಾ ಅಂದುಕೊಂಡರು. ಶಿಶುವಿಹಾರದ ಮಕ್ಕಳು ಆ ಹಾಡುಗಳನ್ನು ಕಲಿತು ಮನೆಮನೆಯಲ್ಲಿ ಕುಣಿದವು.

ಎಂಬತ್ತಮೂರರಲ್ಲಿ ಪಕ್ಕದ ಮನೆಯ ಹೊಂಬಾಳಮ್ಮನಿಗೆ ಅವಳ ತಮ್ಮ ಟೇಪ್‌ರೆಕಾರ್ಡರ್ ತಂದುಕೊಟ್ಟ. ಸಿನಿಮಾ ಹಾಡು ಕೇಳಿ ಕೇಳಿ ಸಾಕಾಯಿತು, ನಮ್ಮ ಮಕ್ಕಳ ಹಾಡನ್ನೇ ತುಂಬಿಸೋಣ, ಮನೆಮಂದಿಯೆಲ್ಲ ಕೂತು ಕೇಳಬಹುದು ಎಂದು ಹೊಂಬಾಳಮ್ಮ ಬೆನ್ನು ಬಿದ್ದಳು. ರುದ್ರಯ್ಯ ಮಂಡಿಗೆ ಹೋಗಿದ್ದ ಒಂದು ದಿನ ಗಂಗಾಂಬಿಕೆಯ ಮನೆಯಲ್ಲೇ ರೆಕಾರ್ಡಿಂಗ್ ಇಟ್ಟುಕೊಂಡರು. ಮೋಟರಿನ ಸದ್ದು ಕೇಳದಂತೆ ಪೆಟ್ಟಿಗೆಗೆ ಕಂಬಳಿ ಮುಚ್ಚಿ, ಮೈಕನ್ನು ರಾಗಿ ಡಬ್ಬದ ಮೇಲಿಟ್ಟು, ಎರಡು ಗುಂಡಿ ಒಟ್ಟಿಗೆ ಒತ್ತಿ, ಸೊಪ್ಪಿನವಳು ಗಿಪ್ಪಿನವಳು ಬಂದು ಕೂಗದ ಹಾಗೆ ತಡೆಯಲು ಹೊಂಬಾಳಮ್ಮ ಓಣಿಯ ತುದಿಗೆ ಹೋಗಿ ನಿಂತಳು. ಒಳಗೆ ತಾಯಿ ಹಾಡಿದಳು, ಒಂಬತ್ತು ವರ್ಷದ ಮಂಗಳ ದನಿ ಸೇರಿಸಿದಳು.

ಅದು ಅಮಾವಾಸ್ಯೆ. ಮಂಡಿ ಮಧ್ಯಾಹ್ನಕ್ಕೇ ಮುಚ್ಚಿತ್ತು. ಕೊನೆಯ ಹಾಡು, ಅಳಿಲಿನದು, ಶುರುವಾಗಿತ್ತು, ರುದ್ರಯ್ಯ ಹಿತ್ತಲ ಬಾಗಿಲಿಂದ ಒಳಗೆ ಬಂದ. ಹೆಂಡತಿ ಏನೋ ಹಾಡು ತುಂಬಿಸುತ್ತಾಳಂತೆ ಎಂದು ರೈಲಿನಲ್ಲಿ ಯಾರೋ ಅಂದಿದ್ದರು. ಮೈಕನ್ನು ಒದ್ದ. ಅದು ಡಬ್ಬದ ಹಿಂದೆ ಬಿತ್ತು. ಅಲ್ಲಿಗೆ ಎಲ್ಲ ನಿಂತಿತೆಂದೇ ಅವನು ತಿಳಿದ.

ಮಗಳನ್ನು ಹಿತ್ತಲಿಗೆ ನೂಕಿ ಅಗುಳಿ ಹಾಕಿ, ಹೆಂಡತಿಯ ಜಡೆಯನ್ನು ಕೈಗೆ ಸುತ್ತಿಕೊಂಡು ತಲೆಯನ್ನು ಗೋಡೆಗೆ ಅಪ್ಪಳಿಸಿದ. "ಕಂಡೋರ್ ಮನೇಲೆಲ್ಲಾ ನಿನ್ ದನಿ ಕೇಳಿಸ್ಬೇಕೇನೇ?" ಎಂದ. ಮತ್ತೆ ಅಪ್ಪಳಿಸಿದ. ಬಾಯಿಗೆ ನೆತ್ತರು ಇಳಿಯುತ್ತಿದ್ದರೂ ಗಂಗಾಂಬಿಕೆ ಹಾಡು ನಿಲ್ಲಿಸಲಿಲ್ಲ. ಹಿತ್ತಲಲ್ಲಿ ಮಗಳಿದ್ದಳಲ್ಲ. ಎಡಭುಜಕ್ಕೆ ಸೌದೆ ಬಿದ್ದಾಗ ಮೂಳೆ ಲಟ್ಟೆಂದಿತು. ಎತ್ತಿಕೊ ಮಗಳೇ ದಡ್ ದಡ್ ಎಂದು ಅವಳು ಮುಗಿಸಿದ ಮೇಲೆಯೇ ಅವನು ಸೌದೆ ಬಿಸಾಕಿ ಹೊರಟುಹೋದ.

ಹೊಂಬಾಳಮ್ಮ ಬಂದಾಗ ಗಂಗಾಂಬಿಕೆ ತಲೆಗೆ ಸೆರಗು ಬಿಗಿದುಕೊಂಡು ಕೂತಿದ್ದಳು. ಒದ್ದೆ ನೆಲದಲ್ಲಿ ಜಾರಿದೆ ಅಂದಳು. ಕ್ಯಾಸೆಟ್ಟನ್ನು ಕೊಟ್ಟು ಕಳಿಸಿದಳು. ಆರು ವರ್ಷ ಪಕ್ಕದ ಮನೆಗೇ ಕೇಳಿಸದ್ದು ಈ ಪೆಟ್ಟಿಗೆಗೆ ಎಲ್ಲಿ ಕೇಳಿಸೀತು ಎಂದೇ ಅವಳ ನಂಬಿಕೆ.

ಆಗ ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಇಳಿಸುವುದೆಂದರೆ ಎರಡು ಟೇಪ್‌ರೆಕಾರ್ಡರನ್ನು ಎದುರುಬದುರು ಇಟ್ಟು, ಒಂದರಲ್ಲಿ ಹಾಡಿಸಿ ಇನ್ನೊಂದರಲ್ಲಿ ತುಂಬಿಸುವುದು. ಕೋಣೆಯಲ್ಲಿ ಯಾರಾದರೂ ಕೆಮ್ಮಿದರೆ ಅದೂ ಹಾಡಿನೊಳಗೆ ಸೇರುತ್ತಿತ್ತು. ಅದಕ್ಕೇ ಹೊಂಬಾಳಮ್ಮ ಇನ್ನೊಂದನ್ನು ಎರವಲು ತಂದು, ಎರಡನ್ನೂ ಚಾಲೂ ಮಾಡಿ, ಬಾಗಿಲು ಮುಚ್ಚಿ, ಸಂದಿಗೆ ಹಳೇ ಸೀರೆ ತುರುಕಿ ಹೊರಗೆ ಬಂದು ಕೂರುವಳು. ಎರಡು ತಿಂಗಳಲ್ಲಿ ಹನ್ನೊಂದು ಸಲ ಹೀಗೇ ಮಾಡಿದಳು. ಒಂದು ಸಲವೂ ಯಾರೂ ಕೇಳಲಿಲ್ಲ. ಹನ್ನೊಂದು ಕ್ಯಾಸೆಟ್ಟು ಓಣಿಯ ನಾಲ್ಕು ಮನೆಗೆ, ಚೇಳೂರಿಗೆ, ತುಮಕೂರಿಗೆ, ಗಂಗಾಂಬಿಕೆಯ ತವರು ಕುಣಿಗಲ್ಲಿಗೆ ಹೋದವು.

ಭಾನುವಾರ ಊಟವಾದ ಮೇಲೆ ಹೊಂಬಾಳಮ್ಮನ ಮನೆಯಲ್ಲಿ ಗಂಡ, ಅತ್ತೆ, ಮಕ್ಕಳು ಎಲ್ಲ ಚಾಪೆ ಹಾಸಿ ಕೂತು ಕ್ಯಾಸೆಟ್ಟು ಹಾಕಿದರು. ಕೊನೆಯ ಹಾಡು ಬಂತು. ಅತ್ತೆ ಎಲೆಗೆ ಸುಣ್ಣ ಸವರುತ್ತಿದ್ದ ಬೆರಳನ್ನು ಹಾಗೇ ನಿಲ್ಲಿಸಿದರು. ಹೊಂಬಾಳಮ್ಮನ ಗಂಡ ಎದ್ದು ಹೊರಗೆ ಹೋದ. ಮಕ್ಕಳಿಗೆ ಮಾತ್ರ ಅದು ಆಟದ ಹಾಗೆ ಕಂಡಿತು. ಇನ್ನೊಂದು ಸಲ ಹಾಕು ಅಂದವು.

ಸೋಮವಾರ ನೀರು ಸೇದುವಾಗ ಹೊಂಬಾಳಮ್ಮ ಗಂಗಾಂಬಿಕೆಯ ಕೈ ಹಿಡಿದುಕೊಂಡು, "ನಾನು ಓಣಿ ಬಾಯಲ್ಲೇ ನಿಂತಿದ್ನಲ್ಲೇ," ಅಂದಳು. ಗಂಗಾಂಬಿಕೆಗೆ ಅರ್ಥವಾಯಿತು. ಮುಖ ತಿರುಗಿಸಿಕೊಂಡು ಕೊಡ ಎತ್ತಿದಳು.

ಮಂಗಳವಾರ ಸಂಜೆ ರುದ್ರಯ್ಯ ಸ್ಟೇಷನ್ನಿನಿಂದ ಬರುವಾಗ ಓಣಿಯ ಮಕ್ಕಳು ಆಡುತ್ತಿದ್ದವು. ಒಂದು ಹುಡುಗಿ ಅಳಿಲಿನ ಹಾಡು ಹಾಡುತ್ತಿತ್ತು, ಇನ್ನೊಂದು ಅದರ ಜಡೆ ಹಿಡಿದುಕೊಂಡು ದಪ್ಪ ದನಿಯಲ್ಲಿ, "ಕಂಡೋರ್ ಮನೇಲೆಲ್ಲಾ ನಿನ್ ದನಿ ಕೇಳಿಸ್ಬೇಕೇನೇ? ದಡ್ ದಡ್," ಎನ್ನುತ್ತಿತ್ತು. ಮಿಕ್ಕವು ನಗುತ್ತಿದ್ದವು. ವಿಭೂತಿಯ ಹಣೆ ಬೆವರಿತು. ಯಾರನ್ನೂ ಗದರಿಸದೆ ನೆಟ್ಟಗೆ ಮನೆಗೆ ಬಂದು ಬಾಗಿಲು ಹಾಕಿಕೊಂಡ.

ಗಂಗಾಂಬಿಕೆ ಮುದ್ದೆ ತೊಳಸುತ್ತಿದ್ದಳು. ಪಾತ್ರೆಯನ್ನು ಒದ್ದ. ಕುದಿಯುವ ರಾಗಿ ಅವಳ ಮೊಣಕಾಲ ಕೆಳಗೆಲ್ಲ ಅಂಟಿ ಚರ್ಮ ಸುಲಿಯಿತು. ಕ್ಯಾಸೆಟ್ಟು ಎಲ್ಲಿ ಎಂದು ಕೇಳಿದ. ಹನ್ನೊಂದು ಮನೆಯಲ್ಲಿದೆ ಅಂದಳು. ಅವನು ಮಗಳನ್ನು ರಟ್ಟೆ ಹಿಡಿದು ಎಳೆತಂದ.

"ನೀನೂ ಹಾಡಿದ್ಯಲ್ಲೇ, ಹಾಡು ಈಗ," ಎಂದು ಸೌದೆ ಎತ್ತಿದ.

ಮಂಗಳ ಹಾಡಿದಳು. ಅವ್ವನಿಗಿಂತ ಗಟ್ಟಿಯಾಗಿ, ಕಣ್ಣು ಮಿಟುಕಿಸದೆ, ಅವ್ವನನ್ನೇ ನೋಡುತ್ತ. ಗಂಗಾಂಬಿಕೆಗೆ ಆಗ ಗೊತ್ತಾಯಿತು, ಮಗಳಿಗೆ ಯಾವತ್ತಿನಿಂದಲೋ ಎಲ್ಲ ಗೊತ್ತಿತ್ತೆಂದು. ಬಿಸಿ ಮುದ್ದೆಕೋಲನ್ನು ಎರಡೂ ಕೈಲಿ ಹಿಡಿದು ಅವನ ಮಣಿಕಟ್ಟಿಗೆ ಬೀಸಿದಳು. ಸೌದೆ ಉರುಳಿತು. ಅವನು ಅವಳ ಕತ್ತು ಹಿಡಿದ. ಅವಳು ಅವನ ಹೆಬ್ಬೆರಳನ್ನು ಮೂಳೆ ಸಿಗುವತನಕ ಕಚ್ಚಿದಳು. ಮಗಳು ಮಾತ್ರ ಹಾಡುತ್ತಲೇ ಇದ್ದಳು.

ಇಷ್ಟು ವರ್ಷ ಆ ಹಾಡು ಕೇಳಿದರೆ ಓಣಿ ನಗುತ್ತಿತ್ತು. ಆವತ್ತು ಕೇಳಿದ ಕೂಡಲೇ ನಾಲ್ಕು ಮನೆಯ ಹೆಂಗಸರು ಎದ್ದರು. ಹಾಡು ಯಾತಕ್ಕೆ ಎಂದು ಅವರಿಗೆ ಈಗ ಗೊತ್ತಿತ್ತಲ್ಲ. ಹಿತ್ತಲ ಬಾಗಿಲು ಮುರಿದು ಒಳಗೆ ನುಗ್ಗಿದರು. ಎಲ್ಲರಿಗೂ ಮುಂದೆ ಹೊಂಬಾಳಮ್ಮ, ಕೈಲಿ ಒನಕೆ. ಒಂದೇ ಏಟಿಗೆ ಅವನ ಮಂಡಿಚಿಪ್ಪು ಒಡೆಯಿತು. ಕೂಗಿಕೊಳ್ಳಲು ಬಾಯಿ ತೆರೆದವನಿಗೆ, "ಮೆಲ್ಲಗ್ ಕೂಗಪ್ಪಾ, ಕಂಡೋರ್ ಮನೇಗ್ ಕೇಳಿಸ್ತದೆ," ಅಂದಳು.

ಗಾಯ ಒಣಗಿದ ಮೇಲೆ ಗಂಗಾಂಬಿಕೆ ಮಗಳನ್ನು ಕಟ್ಟಿಕೊಂಡು ಕ್ಯಾತ್ಸಂದ್ರಕ್ಕೆ ಬಂದು ಒಂದು ಹಾಸ್ಟೆಲಿನ ಅಡುಗೆಗೆ ಸೇರಿದಳು. ರುದ್ರಯ್ಯ ಕುಂಟಿಕೊಂಡು ಒಮ್ಮೆ ಗೇಟಿನವರೆಗೂ ಬಂದಿದ್ದ. ಸೌದೆ ಒಡೆಯುತ್ತಿದ್ದ ಆಳುಗಳು ಕೊಡಲಿ ಹಿಡಿದೇ ಎದ್ದು ನಿಂತರು. ಮತ್ತೆ ಬರಲಿಲ್ಲ.

ಎಂಬತ್ತೆಂಟರಲ್ಲಿ, ಮದುವೆಗಳ ವಿಡಿಯೊ ತೆಗೆಯುತ್ತಿದ್ದ ತುಮಕೂರಿನ ವೆಂಕಟಯ್ಯ ಆ ಹಾಡುಗಳನ್ನು ಕೇಳಿ, ಗಂಗಾಂಬಿಕೆಯ ಸುತ್ತ ಮಕ್ಕಳನ್ನು ಕೂಡಿಸಿ ಹಾಡಿಸಿ, ಚಿತ್ರ ತೆಗೆದ. ಭಾನುವಾರಗಳಲ್ಲಿ ಟಿವಿ ಇದ್ದವರ ಮನೆಯಲ್ಲಿ ಬೀದಿಯೇ ಸೇರಿ ಅದನ್ನು ನೋಡುತ್ತಿತ್ತು. ಅಳಿಲಿನ ಹಾಡಿನಲ್ಲಿ ಮಕ್ಕಳು ದಡ್ ಎಂದು ತಟ್ಟಿದಾಗಲೆಲ್ಲ ಗಂಗಾಂಬಿಕೆಯ ಎಡಭುಜ ತನ್ನಷ್ಟಕ್ಕೆ ಕಿವಿಯವರೆಗೂ ಏರುತ್ತಿತ್ತು. ಹಾಡುವಾಗ ಅವಳಿಗೆ ಗೊತ್ತಾಗಿರಲಿಲ್ಲ. ವಿಡಿಯೊದಲ್ಲಿ ಎದ್ದು ಕಾಣುತ್ತಿತ್ತು. ನೋಡುತ್ತಿದ್ದ ಮಕ್ಕಳು ಅದನ್ನೂ ಕುಣಿತವೆಂದುಕೊಂಡು ದಡ್ ಎಂದಾಗ ಎಡಭುಜ ಎತ್ತಿದವು. ಅಪ್ಪಂದಿರು, ಅಜ್ಜಿಯರು ನಗುನಗುತ್ತ ಎತ್ತಿದರು.

ಗುಂಪಿನ ನಡುವೆ ಕೂತಿದ್ದ ಗಂಗಾಂಬಿಕೆಯ ಭುಜವೂ ಎದ್ದಿತು. ಹದಿನಾಲ್ಕು ವರ್ಷದ ಮಂಗಳ ಪಕ್ಕದಲ್ಲಿದ್ದಳು. ಪರದೆಯಿಂದ ಕಣ್ಣು ತೆಗೆಯದೆ, ಅವ್ವನ ಭುಜದ ಮೇಲೆ ಕೈ ಇಟ್ಟು ಅದನ್ನು ಮೆಲ್ಲಗೆ ಕೆಳಕ್ಕೆ ಇಳಿಸಿದಳು. ಹಾಡು ಮುಗಿಯುವವರೆಗೂ ಕೈ ತೆಗೆಯಲಿಲ್ಲ.