ಮೊಗಲಪ್ಪನ ಬಂದ್ ಆಗದ ಗಾಡಿ

ನಾರಾಯಣಖೇಡದಿಂದ ಸಿರ್ಗಾಪುರಕ್ಕೆ ಹೋಗುವ ಹಾದಿಯಲ್ಲಿ ದಾನಿಗಳು ಕಟ್ಟಿಸಿದ ಸಣ್ಣ ದವಾಖಾನೆಯೊಂದಿತ್ತು. ಎಪ್ಪತ್ತರ ದಶಕದಲ್ಲಿ ಸುತ್ತಲಿನ ಹಳ್ಳಿಗಳಿಗೆ ಅಂಬುಲೆನ್ಸ್ ಎಂದರೆ ಅಲ್ಲಿನ ಹಳೆಯ ಡೀಸೆಲ್ ವ್ಯಾನು, ಡ್ರೈವರ್ ಎಂದರೆ ಮೊಗಲಪ್ಪ. ಇಸ್ತ್ರಿ ಮಾಡಿದ ಖಾಕಿ ತೊಡದೆ ಅವನು ಚಹಾದ ಅಂಗಡಿಗೂ ಹೋಗುತ್ತಿರಲಿಲ್ಲ. ಬೆಳಿಗ್ಗೆ ಬಂದವನೇ ವ್ಯಾನನ್ನು ವಾರ್ಡಿನ ಕಿಟಕಿಯ ಕೆಳಗೆ ನಿಲ್ಲಿಸಿ, ಇಂಜಿನ್ ಚಾಲೂ ಇಟ್ಟು, ತಾನು ಬೇವಿನ ನೆರಳಿಗೆ ಹೋಗಿ ಕೂಡುತ್ತಿದ್ದ. ಸಂಜೆಯವರೆಗೂ ವ್ಯಾನು ಗುಡುಗುಡು ಎನ್ನುತ್ತಲೇ ಇರುತ್ತಿತ್ತು.

ಹೊಗೆಯೆಲ್ಲ ವಾರ್ಡಿಗೆ. ಕಾಲು ಮುರಿದುಕೊಂಡು ಬಂದವರು ಕಾಲು ಕೂಡಿಸಿಕೊಂಡು, ಕೆಮ್ಮು ಹಚ್ಚಿಕೊಂಡು ಮನೆಗೆ ಹೋಗುತ್ತಿದ್ದರು. ಒಗೆದು ಹಾಕಿದ ಬ್ಯಾಂಡೇಜು ಒಣಗುವಷ್ಟರಲ್ಲಿ ಕಾಡಿಗೆ ಬಣ್ಣಕ್ಕೆ ತಿರುಗುತ್ತಿತ್ತು. ನರ್ಸ್ ಮಾಲತೀಬಾಯಿ ಕಿಟಕಿಗೆ ಬಂದು ಬಂದ್ ಮಾಡೆಂದು ಬೇಡಿದಾಗಲೆಲ್ಲ ಅವನದು ಒಂದೇ ಉತ್ತರ.

“ಗಾಡಿ ಚಾಲೂ ಆಗೂ ತನಕ ಸಾವು ಕಾಯ್ತದೇನ್ರಿ ಬಾಯಾರ?”

ಒಳಗಿನ ಮಾತು ಬೇರೆ. ವ್ಯಾನಿನ ಬ್ಯಾಟರಿ ಮುದಿಯಾಗಿತ್ತು, ಬಂದ್ ಮಾಡಿದರೆ ಮತ್ತೆ ಚಾಲೂ ಆಗುವ ಭರವಸೆ ಇರಲಿಲ್ಲ. ಹಿಂದೊಮ್ಮೆ ಸಂತೆಯ ನಡುವೆ ಅದು ಮೊಂಡು ಹಿಡಿದಾಗ ನೂಕಲು ಬಂದ ಜನ, ರೋಗಿಯನ್ನು ಇಳಿಸಿ ಗಾಡಿಯನ್ನೇ ದವಾಖಾನೆಗೆ ಸೇರಿಸೆಂದು ನಕ್ಕಿದ್ದರು. ಆ ನಗು ಮೊಗಲಪ್ಪನಿಗೆ ಮುಳ್ಳಿನಂತೆ ಚುಚ್ಚಿಕೊಂಡೇ ಇತ್ತು.

ಒಂದು ದಿನ ವ್ಯಾನಿನ ಮೇಲೆ ಹತ್ತಿ ಸ್ಟ್ರೆಚರ್ ಕಟ್ಟುವಾಗ ಜಾರಿಬಿದ್ದು ಅವನ ಕಾಲೇ ಮುರಿಯಿತು. ಖಾಲಿ ಇದ್ದದ್ದು ಕಿಟಕಿ ಬದಿಯ ಮಂಚವೊಂದೇ. ಬದಲಿಗೆ ಬಂದವನು ಮನೂರಿನ ಪೋಚಪ್ಪ, ಮೊಗಲಪ್ಪನ ಕೈಯಲ್ಲೇ ಗಾಡಿ ಕಲಿತವನು. ಮರುದಿನ ಬೆಳಿಗ್ಗೆ ಅವನು ಗುರು ತೋರಿಸಿದ ಜಾಗದಲ್ಲೇ ವ್ಯಾನು ನಿಲ್ಲಿಸಿ, ಇಂಜಿನ್ ಚಾಲೂ ಬಿಟ್ಟು, ಬೇವಿನ ನೆರಳಿಗೆ ಹೋದ.

ಸ್ವಲ್ಪ ಹೊತ್ತಿನಲ್ಲೇ ಮೊಗಲಪ್ಪನಿಗೆ ಕಣ್ಣು ಉರಿದು, ಗಂಟಲು ಕಟ್ಟಿತು. ಕೆಮ್ಮಿದರೆ ಕಾಲು ಜಗ್ಗುತ್ತಿತ್ತು, ಕಾಲು ಜಗ್ಗಿದರೆ ಚೀರಬೇಕು, ಚೀರಲು ಬಾಯಿ ತೆರೆದರೆ ಮತ್ತೆ ಹೊಗೆ. ಕಿಟಕಿಯ ಸರಳು ಹಿಡಿದು, ಬಂದ್ ಮಾಡೋ ಎಂದು ಕೂಗಿದ. ಪೋಚಪ್ಪ ಕೈಮುಗಿದು ನಕ್ಕ.

“‘ನಾನೇ ಹೇಳಿದ್ರೂ ಬಂದ್ ಮಾಡಬ್ಯಾಡ’ ಅಂತ ನೀವೇ ಕಲಿಸೀರಿ, ಉಸ್ತಾದ್. ಪರೀಕ್ಷಾ ಮಾಡ್ಲಾಕತ್ತೀರಿ, ನಂಗ ಗೊತ್ತದ.”

ಎಷ್ಟು ಬೈದರೂ ಶಿಷ್ಯ ಪರೀಕ್ಷೆಯಲ್ಲಿ ಪಾಸಾಗುತ್ತಲೇ ಹೋದ. ಕೊನೆಗೆ ಮೊಗಲಪ್ಪ ಮಾಲತೀಬಾಯಿಯನ್ನು ಕರೆದು, ತಲೆ ತಗ್ಗಿಸಿ, ಬ್ಯಾಟರಿಯ ಸಂಗತಿ ಹೇಳಿಬಿಟ್ಟ.

“ಇಷ್ಟಕ್ಕ ಇಷ್ಟು ಮಂದಿ ಕೆಮ್ಮಿದ್ರೇನು? ನೂಕಾಕ ಇಲ್ಲಿ ಯಾರೂ ಇಲ್ಲೇನು?” ಎಂದ ಮಾಲತೀಬಾಯಿ, ಹೊರಗೆ ಹೋಗಿ ಪೋಚಪ್ಪನ ಕೈಯಿಂದ ಇಂಜಿನ್ ಬಂದ್ ಮಾಡಿಸಿ, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ವಾರ್ಡಿನಲ್ಲಿ ಮೊದಲ ಬಾರಿ ಹಕ್ಕಿಯ ದನಿ ಕೇಳಿಸಿತು.

ಆ ಮಧ್ಯಾಹ್ನವೇ ನಾಗಲಗಿದ್ದದ ಕಡೆಯಿಂದ ಹೆರಿಗೆ ನೋವಿನ ಸುದ್ದಿ ಬಂತು. ವ್ಯಾನು ಒಮ್ಮೆ ನರಳಿ ಸುಮ್ಮನಾಯಿತು. ಮೊಗಲಪ್ಪ ಇನ್ನು ನಗು ಏಳುತ್ತದೆಂದು ಕಣ್ಣು ಮುಚ್ಚಿದ. ಏಳಲಿಲ್ಲ. ಎದ್ದು ನಿಲ್ಲಬಲ್ಲ ರೋಗಿಗಳೆಲ್ಲ ಹೊರಗೆ ಓಡಿದರು. ಮುರಿದ ಕೈಗೆ ಜೋಳಿಗೆ ಕಟ್ಟಿಕೊಂಡವನೂ ಹೆಗಲು ಕೊಟ್ಟ. ಕಿಟಕಿಯಿಂದ ದೂರ ಹೋದರೆ ಸಾಕೆಂದು ಜಹೀರಾಬಾದಿನವರೆಗೂ ನೂಕುವ ಹುಮ್ಮಸ್ಸು ಎಲ್ಲರಲ್ಲೂ ಇತ್ತು. ಆದರೆ ದವಾಖಾನೆಯ ಅಂಗಳದ ಕೊನೆಗಿದ್ದ ಶವದ ಕೋಣೆ ದಾಟಿದ ಇಳಿಜಾರಿನಲ್ಲೇ ಇಂಜಿನ್ ಚಾಲೂ ಆಯಿತು. ಸಂಜೆಗೆ ತಾಯಿ-ಮಗು ಇಬ್ಬರೂ ಸುಖವಾಗಿ ಬಂದಿಳಿದರು.

ಕಾಲು ಕೂಡಿದ ಮೇಲೆ ಮೊಗಲಪ್ಪ ಆ ಇಳಿಜಾರಿನ ನೆತ್ತಿಯಲ್ಲಿ, ಶವದ ಕೋಣೆಯ ಮುಂದೆಯೇ ವ್ಯಾನು ನಿಲ್ಲಿಸತೊಡಗಿದ. ಇಂಜಿನ್ ಬಂದ್, ಚಕ್ರಕ್ಕೆ ಕಲ್ಲು. ಕರೆ ಬಂದರೆ ಕಲ್ಲು ಸರಿಸಿದರಾಯಿತು. ಆದರೆ ದೊಡ್ಡ ದವಾಖಾನೆಗೆ ಹೊರಟ ರೋಗಿಗಳು ಶವದ ಕೋಣೆಯ ಬಾಗಿಲು ನೋಡಿದ್ದೇ ತಡ, ತಮಗೆ ಗುಣವಾಗಿದೆ, ಹೋಗುವುದಿಲ್ಲ ಎಂದು ಹಟ ಹಿಡಿಯುತ್ತಿದ್ದರು. ಕೊನೆಗೆ ಮಾಲತೀಬಾಯಿ ಒಂದು ಹಳೆಯ ಸೀರೆ ಕೊಟ್ಟರು. ಮೊಗಲಪ್ಪನೇ ಹಗ್ಗ ಕಟ್ಟಿ, ಸೀರೆಯ ಹೂವು ಹೊರಗೆ ಕಾಣುವಂತೆ, ಆ ಬಾಗಿಲಿಗೆ ಪರದೆ ಇಳಿಬಿಟ್ಟ.